ಬಂಡೆಯ ಹುಟ್ಟಿದ ದಿನ

ಅರುಣಾ ನಮ್ಮ ಶಾಲೆಗೆ ಗಣಿತದ ಟೀಚರಾಗಿ ಬಂದು ಏಳು ವರ್ಷವಾಯಿತು. ಅದೇ ಶಾಲೆಯಲ್ಲಿ ನಾನು ಕನ್ನಡ ಹೇಳಿಕೊಡುತ್ತೇನೆ. ಶಾಲೆ ಗುಬ್ಬಿಯಲ್ಲಿ, ನಮ್ಮಿಬ್ಬರ ವಾಸ ತುಮಕೂರಿನಲ್ಲಿ. ಬೆಳಿಗ್ಗೆ ಒಂದೇ ಬಸ್ಸಿಗೆ ಹೋಗಿ, ಸಂಜೆ ಒಂದೇ ಬಸ್ಸಿಗೆ ವಾಪಸಾಗುತ್ತೇವೆ. ಅವಳು ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಹೆಚ್ಚು ಮಾತಿನವಳಲ್ಲ. ಮೊದಲ ವರ್ಷವೆಲ್ಲ ಕಿಟಕಿಯ ಪಕ್ಕ ಕೂತು ಟೆಸ್ಟ್ ಪೇಪರ್ ತಿದ್ದುತ್ತಿದ್ದಳು. ಬಸ್ಸು ಎಷ್ಟು ಕುಲುಕಿದರೂ ಅವಳು ಹಾಕಿದ ಅಂಕಿ ಸೊಟ್ಟಗಾಗುತ್ತಿರಲಿಲ್ಲ. ಅದನ್ನು ನೋಡಿಯೇ ನಾನು ಅವಳನ್ನು ಮಾತಾಡಿಸಿದ್ದು.

ಅವಳ ಊರು ಗುಬ್ಬಿ ತಾಲ್ಲೂಕಿನ ಹಾಗಲವಾಡಿ. ತಂದೆ ಮೂಡಲಗಿರಿಯಪ್ಪ ಗಾರೆ ಮೇಸ್ತ್ರಿ. ತಾಯಿ ಚಿಕ್ಕಗಂಗಮ್ಮ ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾರೆ. ಅರುಣಾಳಿಗಿಂತ ಆರು ವರ್ಷಕ್ಕೆ ಚಿಕ್ಕವನು ತಮ್ಮ ಸಿದ್ಧಾರ್ಥ್. ಒಂಬತ್ತನೇ ವಯಸ್ಸಿನಲ್ಲಿ ಅವನಿಗೆ ಜ್ವರ ಬಂದು ಮಂಡಿ, ಮೊಣಕೈ ಎಲ್ಲ ಊದಿಕೊಂಡವಂತೆ. ಜ್ವರ ಇಳಿಯಿತು. ಆದರೆ ಹೋಗುವಾಗ ಹೃದಯದ ಒಂದು ಕವಾಟವನ್ನು ಕೆಡಿಸಿ ಹೋಗಿತ್ತು, ಅದು ತಿಳಿದದ್ದು ಹದಿನಾಲ್ಕು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಅವನು ಐಟಿಐ ಮುಗಿಸಿ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ. ಒಂದು ದಿನ ಏಣಿ ಹತ್ತುವಾಗ ಉಸಿರು ಕಟ್ಟಿ ಕೆಳಗೆ ಕೂತುಬಿಟ್ಟ. ಆ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಆಮೇಲೆ ಅಕ್ಕನ ಮನೆಯಲ್ಲೇ ಉಳಿದ. ಶಿರಾ ಗೇಟ್ ಹತ್ತಿರ ಒಂದು ಬೇಕರಿಯ ಮೇಲಿನ ಎರಡು ಕೋಣೆಯ ಮನೆ ಅದು. ಮೆಟ್ಟಿಲು ಹತ್ತಿ ಇಳಿಯುವುದು ಬೇಡ ಎಂದು ಡಾಕ್ಟರು ಹೇಳಿದ್ದರಿಂದ ಅವನ ಲೋಕವೆಲ್ಲ ಆ ಎರಡು ಕೋಣೆಗೆ ಸೀಮಿತವಾಯಿತು.

ಅವನಿಗೆ ಒಂದು ಆಟದ ಹುಚ್ಚು. ಕೈಯಲ್ಲಿ ಹಿಡಿದು ಆಡುವ ಪುಟ್ಟ ಸೆಟ್ಟಿನಲ್ಲಿ ಮೃಗಗಳನ್ನು ಸಾಕಿ, ಬೆಳೆಸಿ, ಇನ್ನೊಬ್ಬರ ಮೃಗಗಳ ಜೊತೆ ಕಾದಾಡಿಸುವ ಆಟ. ನಮ್ಮ ಶಾಲೆಯ ಹುಡುಗರು ಅದನ್ನು ಮಾನ್‌ಸ್ಟರ್ ಗೇಮ್ ಅನ್ನುತ್ತಾರೆ. ಐಟಿಐ ಓದುವಾಗಲೇ ಕಲಿತದ್ದು. ಆಗ ಜೊತೆಗಿದ್ದವನು ಕುಣಿಗಲ್ಲಿನ ಶಮಂತ್ ಎಂಬ ಗೆಳೆಯ. ಈಗ ಎದುರಾಳಿ ಬೇಕಲ್ಲ? ಶಮಂತ್ ತನ್ನ ಹಳೆಯ ಸೆಟ್ ಒಂದನ್ನು ಕೊಟ್ಟುಹೋದ. ಸಂಜೆ ಕೆಲಸದಿಂದ ಬಂದ ಅಕ್ಕನ ಕೈಗೆ ಸಿದ್ಧಾರ್ಥ್ ಅದನ್ನು ಹಿಡಿಸಿದ.

ನಾನು ಆ ಮನೆಗೆ ಮೊದಲ ಸಲ ಹೋದಾಗ ಇಬ್ಬರೂ ಮಂಚದ ಎರಡು ತುದಿಯಲ್ಲಿ ಕೂತು ಆಡುತ್ತಿದ್ದರು. ಅರುಣಾ ಸೋತಳು. ಸಿದ್ಧಾರ್ಥ್ ನಗುತ್ತಿದ್ದ.

“ಅಕ್ಕ, ನೀನು ಆರಕ್ಕಾರೂ ಹೊಡಿಯೋವ್ನೇ ಆರಿಸ್ಕೊಂಡಿದೀಯ.”

“ಹೊಡಿಯೋ ಆಟ ತಾನೇ ಇದು?”

“ಆರೂ ಹೊಡಿಯೋವೇ ಆದ್ರೆ ಏಟು ತಿನ್ನೋದು ಯಾವ್ದು? ಗಾಯ ವಾಸಿ ಮಾಡೋದು ಯಾವ್ದು? ಎದುರಿನವನ ಕಾಲು ಎಳಿಯೋದು ಯಾವ್ದು? ಟೀಮು ಅಂದ್ರೆ ಒಂದಕ್ಕಿಲ್ಲದ್ದು ಇನ್ನೊಂದಕ್ಕೆ ಇರ್ಬೇಕು ಕಣಕ್ಕ.”

ಆಮೇಲೆ ನನಗೂ ವಿವರಿಸಿದ. ಒಂದೊಂದು ಮೃಗಕ್ಕೆ ಒಂದೊಂದು ಗುಣ. ಬೆಂಕಿಯದು ಗಿಡದ್ದನ್ನು ಸುಡುತ್ತದೆ, ನೀರಿನದು ಬೆಂಕಿಯದನ್ನು ಆರಿಸುತ್ತದೆ, ಹೀಗೆ ಹದಿನಾಲ್ಕು ಗುಣ. ಆಟಗಾರನ ಹತ್ತಿರ ಆರು ಮೃಗ ಇರಬೇಕು. ಪಂದ್ಯಕ್ಕೆ ಅದರಲ್ಲಿ ನಾಲ್ಕನ್ನು ಆರಿಸಿಕೊಳ್ಳಬೇಕು. ಒಂದು ಸಲಕ್ಕೆ ಎರಡೆರಡು ಕಣಕ್ಕಿಳಿಯುತ್ತವೆ. ಮೃಗಗಳಿಗೆ ನಮಗೆ ಬೇಕಾದ ಹೆಸರಿಡಬಹುದು. ಸಿದ್ಧಾರ್ಥನ ಬೆಂಕಿ ನರಿಯ ಹೆಸರು ಕೆಂಡ. ಎದುರಾಳಿಗಳನ್ನು ನಿಧಾನ ಮಾಡುವ ಬಸವನ ಹುಳುವಿನ ಹೆಸರು ಅಂಟು. ಮಳೆ ತರಿಸುವ ಹಕ್ಕಿ ಮೋಡ, ಗೂಳಿಯಂಥದು ಕೊಂಬು. ಗಾಯ ವಾಸಿ ಮಾಡುವ, ಮರದ ಹಾಗಿರುವ ಮೃಗಕ್ಕೆ ಅವನು ತಾಯಿಯ ಹೆಸರನ್ನೇ ಇಟ್ಟಿದ್ದ, ಗಂಗಮ್ಮ ಎಂದು. ಚಿಕ್ಕಗಂಗಮ್ಮನವರಿಗೆ ಅದು ಗೊತ್ತಾದಾಗ, “ನನ್ ಹೆಸ್ರು ಮಡಗಿ ನಂಗೂ ಏಟು ತಿನ್ನುಸ್ತೀಯೇನ್ಲಾ?” ಎಂದು ರೇಗಿದರು. ಆದರೆ ಮಾರನೆಯ ದಿನ ಫೋನ್ ಮಾಡಿ, “ನೆನ್ನೆ ಗಂಗಮ್ಮ ಗೆದ್ಲೇನ್ಲಾ?” ಎಂದು ಕೇಳಿದರಂತೆ.

ಆರನೆಯದು ಬಂಡೆ. ಕಲ್ಲಿನ ಚಿಪ್ಪಿನ ಆಮೆ. ಎಂಥ ಏಟು ಬಿದ್ದರೂ ಮುಂದೆ ನಿಂತು ತಡೆದುಕೊಳ್ಳುತ್ತಿತ್ತು. ಮೃಗ ಹುಟ್ಟುವಾಗಲೇ ಅದರ ಶಕ್ತಿಯ ಆರು ಅಂಶಗಳು ನಿಗದಿಯಾಗುತ್ತವೆ. ಆರೂ ತುತ್ತತುದಿ ಮುಟ್ಟಿದ ಮರಿ ಸಿಗಬೇಕಾದರೆ ನೂರಾರು ಮೊಟ್ಟೆ ಮರಿ ಮಾಡಿಸಬೇಕು. ಬಂಡೆಯದು ಆರಕ್ಕಾರೂ ತುದಿ ಮುಟ್ಟಿದ್ದವು. “ನಾನೂರು ಮೊಟ್ಟೆ ಆದ್ಮೇಲೆ ಸಿಕ್ತು ಅಕ್ಕ,” ಎಂದಿದ್ದ ಸಿದ್ಧಾರ್ಥ್. ದಿನವೆಲ್ಲ ಮನೆಯಲ್ಲೇ ಇರುವವನು, ಇದ್ದರೂ ಇರಬಹುದು ಎಂದು ಅರುಣಾ ನಂಬಿದಳು.

ಆಪರೇಷನ್ ಆಗಿ ಐದು ತಿಂಗಳಿಗೆ ತುಮಕೂರಿನ ಒಂದು ಕಾಲೇಜಿನ ಹಬ್ಬದಲ್ಲಿ ಈ ಆಟದ ಪಂದ್ಯವಿತ್ತು. ಡಾಕ್ಟರ ಒಪ್ಪಿಗೆ ಪಡೆದು ಅರುಣಾ ಅವನನ್ನು ಆಟೋದಲ್ಲಿ ಕರೆದುಕೊಂಡು ಹೋದಳು. ಸಿದ್ಧಾರ್ಥ್ ಮೊದಲ ಬಹುಮಾನ ಗೆದ್ದ. ಒಂದು ಗೇಣುದ್ದದ ಕಪ್ಪು, ಅದರ ಮೇಲೆ ಅವನ ಹೆಸರು. ಕಪ್ಪನ್ನು ಹಾಗಲವಾಡಿಗೆ ಕಳಿಸಿದರು. ಮೂಡಲಗಿರಿಯಪ್ಪ ಅದನ್ನು ಇಡಲೆಂದೇ ಗೋಡೆಗೆ ಒಂದು ಹಲಗೆ ಕೂರಿಸಿ, ಊರಿನವರಿಗೆಲ್ಲ ತೋರಿಸಿದರು. ಅವರ ಮಗ ಶಾಲೆಯ ಓಟದಲ್ಲಿ ಯಾವತ್ತೂ ಓಡಿದವನಲ್ಲ, ಕಬಡ್ಡಿ ಆಡಿದವನಲ್ಲ. ಮನೆಗೆ ಬಂದ ಮೊದಲ ಕಪ್ಪು ಅದು.

ಏಪ್ರಿಲ್‌ನಲ್ಲಿ ಅವನಿಗೆ ಮತ್ತೆ ಜ್ವರ ಬಂತು. ಹೊಸ ಕವಾಟಕ್ಕೆ ಸೋಂಕು ತಗುಲಿತ್ತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡ. ಇಪ್ಪತ್ನಾಲ್ಕು ತುಂಬುವುದಕ್ಕೆ ಇನ್ನೂ ಒಂದು ವಾರವಿತ್ತು.

ಬೇಸಿಗೆ ರಜೆ ಮುಗಿದ ಮೇಲೆ ಅರುಣಾ ಶಾಲೆಗೆ ಬಂದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು, ಪೇಪರ್ ತೆಗೆಯಲಿಲ್ಲ. ಜೂನ್ ಹೋಯಿತು, ಜುಲೈ ಹೋಯಿತು. ಒಂದು ಸಂಜೆ ಗುಬ್ಬಿ ಬಿಟ್ಟ ಮೇಲೆ ಬ್ಯಾಗಿನಿಂದ ಸಿದ್ಧಾರ್ಥನ ಸೆಟ್ ತೆಗೆದು ಆನ್ ಮಾಡಿದಳು. “ಚಾರ್ಜ್ ಹಾಕ್ದೆ ಇಟ್ರೆ ಹಾಳಾಗ್ಬಿಡುತ್ತಂತೆ ಮೇಡಂ,” ಎಂದಳು. ಅಂದಿನಿಂದ ದಿನಾ ಆಡತೊಡಗಿದಳು. ಊರೂರಿನ ಆಟಗಾರರ ಜೊತೆ ಫೋನಿನ ಇಂಟರ್ನೆಟ್ ಹಾಕಿಕೊಂಡು ಆಡುತ್ತಿದ್ದಳು. ತಮ್ಮ ಕಟ್ಟಿದ ಟೀಮನ್ನು ಒಂದು ಚೂರೂ ಬದಲಾಯಿಸಲಿಲ್ಲ. ಮೊದಮೊದಲು ಸೋತಳು. ಗಣಿತದವಳಲ್ಲವೇ, ಯಾವ ಏಟಿಗೆ ಎಷ್ಟು ಶಕ್ತಿ ಹೋಗುತ್ತದೆ ಎಂದು ಲೆಕ್ಕ ಹಾಕಿ ಹಾಕಿ ಆಮೇಲೆ ಗೆಲ್ಲತೊಡಗಿದಳು.

ಮರುವರ್ಷ ನವೆಂಬರ್‌ನಲ್ಲಿ ಬೆಂಗಳೂರಿನ ಆಟಗಾರರ ಬಳಗವೊಂದು ತುಮಕೂರಿನಲ್ಲಿ ಅರ್ಹತಾ ಪಂದ್ಯ ಇಟ್ಟಿತು. ಮೊದಲ ಇಬ್ಬರು ಬೆಂಗಳೂರಿನ ಫೈನಲ್ಸಿಗೆ ಹೋಗಬಹುದು. ಅರುಣಾ ಹೆಸರು ಕೊಟ್ಟಳು, ಜೊತೆಗೆ ನಾನೂ ಹೋದೆ. ಮೂವತ್ತೆರಡು ಜನ ಬಂದಿದ್ದರು, ಹೆಚ್ಚಿನವರು ಕಾಲೇಜು ಹುಡುಗರು. ಬಾಗಿಲಲ್ಲಿದ್ದ ಹುಡುಗಿ ಅರುಣಾಳ ಸೀರೆ ನೋಡಿ, “ಪೇರೆಂಟ್ಸ್ ಆ ಕಡೆ ಕೂತ್ಕೊಳ್ಳಿ ಮೇಡಂ,” ಎಂದಳು. “ನಾನು ಆಡೋಕ್ ಬಂದಿದೀನಿ,” ಎಂದಳು ಅರುಣಾ. ಸಂಜೆಯ ಹೊತ್ತಿಗೆ ಎರಡನೇ ಸ್ಥಾನದಲ್ಲಿದ್ದಳು. ಪ್ರತಿ ಪಂದ್ಯದಲ್ಲೂ ಬಂಡೆ ಮುಂದೆ ನಿಂತಿತ್ತು. ಅವಳು ನಕ್ಕದ್ದನ್ನು ನಾನು ಒಂದೂವರೆ ವರ್ಷದಲ್ಲಿ ಮೊದಲ ಸಲ ನೋಡಿದ್ದು ಅಂದೇ.

ಫೈನಲ್ಸಿಗೆ ಮುಂಚೆ ಆರೂ ಮೃಗಗಳ ಪೂರ್ತಿ ವಿವರ ಬರೆದು ಕಳಿಸಬೇಕಿತ್ತು. ಮೃಗ ಎಲ್ಲಿ ಸಿಕ್ಕಿತು, ಯಾರ ಸೆಟ್ಟಿನಲ್ಲಿ ಮೊಟ್ಟೆಯೊಡೆಯಿತು, ಯಾವ ದಿನ ಎಂಬುದನ್ನು ಆಟವೇ ದಾಖಲಿಸಿಕೊಂಡಿರುತ್ತದೆ. ಆ ಪುಟವನ್ನು ಅರುಣಾ ಅಲ್ಲಿಯವರೆಗೆ ತೆರೆದು ನೋಡಿರಲಿಲ್ಲ. ಬಂಡೆಯ ಪುಟದಲ್ಲಿ ಹೀಗಿತ್ತು: ಸಿದ್ಧಾರ್ಥನ ಸೆಟ್ಟಿನಲ್ಲಿ ಮೊಟ್ಟೆಯಿಂದ ಬಂದದ್ದು, ಆಗಸ್ಟ್ ಹನ್ನೆರಡು.

ಆ ದಿನ ಅವಳಿಗೆ ಮರೆಯುವಂಥದ್ದಲ್ಲ. ಬೆಳಿಗ್ಗೆ ಆರೂವರೆಗೆ ಸಿದ್ಧಾರ್ಥನನ್ನು ಆಪರೇಷನ್ ಕೋಣೆಯೊಳಕ್ಕೆ ತಳ್ಳಿಕೊಂಡು ಹೋಗಿದ್ದರು. ಹೋಗುವ ಮುಂಚೆ ಅವನು ತನ್ನ ವಾಚು, ಬೆಳ್ಳಿಯ ಉಡಿದಾರ, ಈ ಸೆಟ್ಟು ಮೂರನ್ನೂ ಅಕ್ಕನ ಕೈಗೆ ಕೊಟ್ಟಿದ್ದ. ಸೆಟ್ಟಿನ ಚಾರ್ಜು ಹಿಂದಿನ ದಿನವೇ ಮುಗಿದಿತ್ತು. ಅದು ಇಡೀ ದಿನ ಅವಳ ವ್ಯಾನಿಟಿ ಬ್ಯಾಗಿನಲ್ಲಿ ಆಫ್ ಆಗಿ ಬಿದ್ದಿತ್ತು. ಆ ದಿನ ಅದರಲ್ಲಿ ಯಾವ ಮೊಟ್ಟೆಯೂ ಒಡೆದಿರಲು ಸಾಧ್ಯವಿರಲಿಲ್ಲ.

ಕಂಪ್ಯೂಟರಿಗೆ ಸೆಟ್ ಜೋಡಿಸಿ, ಬೇಕಾದ ಶಕ್ತಿ ತುಂಬಿ, ಇಲ್ಲದ ಮೃಗವನ್ನು ಸೃಷ್ಟಿಸುವವರಿದ್ದಾರೆ ಎಂದು ಅವಳಿಗೆ ಗೊತ್ತಿತ್ತು. ಪಂದ್ಯಗಳಲ್ಲಿ ಅದು ನಿಷೇಧ. ತುಮಕೂರಿನಲ್ಲಿ ಎಲ್ಲರ ಟೀಮನ್ನೂ ತಪಾಸಣೆ ಮಾಡಿಯೇ ಒಳಗೆ ಬಿಟ್ಟಿದ್ದರು. ಬಂಡೆ ಅದರಲ್ಲಿ ಪಾಸಾಗಿತ್ತು, ಅಷ್ಟು ನಾಜೂಕಾಗಿ ಮಾಡಿದ್ದರು.

ಮಾರನೆಯ ದಿನ ಅವಳು ಅರ್ಧ ದಿನ ರಜೆ ಹಾಕಿ ಕುಣಿಗಲ್ಲಿಗೆ ಹೋದಳು. ಶಮಂತನದು ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ. ಪಹಣಿ, ಆಧಾರ್, ಪರೀಕ್ಷೆಯ ಅರ್ಜಿ ಎಲ್ಲವನ್ನೂ ಕಂಪ್ಯೂಟರಿನಲ್ಲಿ ತೆಗೆದುಕೊಡುತ್ತಾನೆ. ಅವಳನ್ನು ನೋಡಿ ಸ್ಟೂಲು ಹಾಕಿದ, ಕಾಫಿ ತರಿಸಲು ಹೊರಟ. ಅವಳು ಬೇಡವೆಂದು, ಸೆಟ್ಟಿನಲ್ಲಿ ಆ ಪುಟ ತೆರೆದು ಅವನ ಮುಂದಿಟ್ಟಳು.

“ಇದು ನೀನು ಮಾಡಿದ್ದಾ ಶಮಂತ್?”

ಅವನು ಅದನ್ನು ನೋಡಿದ. ಜೆರಾಕ್ಸಿಗೆ ಬಂದಿದ್ದ ಒಬ್ಬರನ್ನು ಅರ್ಧ ಗಂಟೆ ಬಿಟ್ಟು ಬನ್ನಿ ಎಂದು ಕಳಿಸಿದ.

“ಹೂಂ ಅಕ್ಕ.”

“ಅವನಿಗೆ ಗೊತ್ತಿತ್ತಾ?”

ಶಮಂತ್ ಗೊತ್ತಿರಲಿಲ್ಲ ಎಂದುಬಿಡಬಹುದಿತ್ತು. ಹಾಗೆ ಹೇಳಲಿ ಎಂದು ತಾನು ಒಳಗೊಳಗೇ ಬೇಡಿಕೊಂಡೆ ಎಂದು ಅರುಣಾ ನನಗೆ ಹೇಳಿದಳು.

“ಅವನೇ ಕೇಳ್ದ ಅಕ್ಕ. ಕಾಲೇಜಿನ ಪಂದ್ಯಕ್ಕೆ ಒಂದು ತಿಂಗಳಿತ್ತು. ನಾನು ಬೇಡ ಕಣೋ ಅಂದೆ, ಇಬ್ರೂ ಸೇರಿ ಮೊಟ್ಟೆ ಮರಿ ಮಾಡ್ಸೋಣ, ಮುಂದಿನ ವರ್ಷ ಆಡೋಣ ಅಂದೆ. ಅದಕ್ಕವನು, ‘ನಂಗೆ ಟೈಮಿಲ್ಲ ಕಣೋ ಶಮಂತ’ ಅಂದ. ನಗ್ತಾನೇ ಅಂದ. ಆಮೇಲೆ ನಾನು ಏನು ಮಾತಾಡ್ಲಿ?”

“ಡೇಟು?”

“ಏನೋ ಒಂದು ಹಾಕ್ಬೇಕಿತ್ತು, ಹಾಕ್ದೆ. ಆಪರೇಷನ್ ದಿನ ಅನ್ನೋದು ತಲೆಗೆ ಬರ್ಲಿಲ್ಲ.” ಅವನು ಅಳತೊಡಗಿದ. ಅರುಣಾ ಅಳಲಿಲ್ಲ. ಅವನನ್ನು ಸಮಾಧಾನ ಮಾಡಲೂ ಇಲ್ಲ. ಸೆಟ್ಟನ್ನು ಬ್ಯಾಗಿಗೆ ಹಾಕಿಕೊಂಡು ಬಂದು ತುಮಕೂರಿನ ಬಸ್ಸು ಹತ್ತಿದಳು.

ನನಗೆ ಹೇಳಿದ್ದು ಎರಡು ದಿನ ಬಿಟ್ಟು. ನಾನು ಅಂದು ಕೊಟ್ಟ ಬುದ್ಧಿವಾದವನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಆದರೆ ಬರೆಯಲು ಅವಳು ಒಪ್ಪಿಗೆ ಕೊಟ್ಟಾಗ ಇದ್ದದ್ದು ಇದ್ದಂತೆ ಬರೆಯಬೇಕು ಎಂದೇ ಹೇಳಿದ್ದಾಳೆ. “ಬಿಟ್ಟುಬಿಡು ಅರುಣಾ. ಯಾರಿಗೂ ಗೊತ್ತಾಗಲ್ಲ. ಸತ್ತವನ ಹೆಸರು ಯಾಕೆ ಕೆಡಿಸ್ತೀಯ? ಮಕ್ಕಳಾಟ ಇದು,” ಎಂದೆ.

“ಮಕ್ಕಳಾಟ ಅಲ್ಲ ಮೇಡಂ. ಅವನು ಕೊನೇ ವರ್ಷ ಮಾಡಿದ್ದು ಇದೊಂದೇ. ಮೂರನೇ ಸ್ಥಾನ ಬಂದ ಹುಡುಗ ಬೆಂಗಳೂರಿಗೆ ಹೋಗ್ಬೇಕಾಗಿತ್ತು. ಅವನ ಜಾಗದಲ್ಲಿ ನಾನು ಕೂತಿದೀನಿ. ಗೊತ್ತಾದ್ಮೇಲೂ ಕೂತಿದ್ರೆ ಆಗ ಮೋಸ ಮಾಡೋದು ನಾನು, ಸಿದ್ಧಾರ್ಥ್ ಅಲ್ಲ,” ಎಂದಳು.

ಬಳಗಕ್ಕೆ ಪತ್ರ ಬರೆದಳು. ಮೃಗ ತನ್ನದಲ್ಲ ಎಂದಾಗಲಿ, ತಮ್ಮ ತೀರಿಕೊಂಡಿದ್ದಾನೆ ಎಂದಾಗಲಿ ಬರೆಯಲಿಲ್ಲ. ‘ನನ್ನ ಟೀಮಿನಲ್ಲಿ ಒಂದು ಮೃಗ ನಕಲಿ. ತಿಳಿದದ್ದು ಪಂದ್ಯದ ನಂತರ. ನನ್ನ ಸ್ಥಾನ ರದ್ದು ಮಾಡಿ’ ಎಂದು ಮೂರೇ ಸಾಲು. ಅವರು ರದ್ದು ಮಾಡಿದರು. ಮೂರನೆಯವನು ಫೈನಲ್ಸಿಗೆ ಹೋದ. ಆಟಗಾರರ ವಾಟ್ಸಾಪ್ ಗುಂಪಿನಲ್ಲಿ ಕೆಲವರು ಅವಳನ್ನು ಹೊಗಳಿದರು, ಸಿಕ್ಕಿಬೀಳುವ ಭಯಕ್ಕೆ ಒಪ್ಪಿಕೊಂಡಿದ್ದಾಳೆ ಎಂದು ಉಳಿದವರು ಬರೆದರು. ಅವಳು ಗುಂಪಿನಿಂದ ಹೊರಗೆ ಬಂದಳು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಅವಳಿಗೆ ಮುಗಿದಿರಲಿಲ್ಲ. ಹಾಗಲವಾಡಿಯಲ್ಲಿ ಆ ಕಪ್ಪು ಇತ್ತಲ್ಲ. ಅದನ್ನು ಗೆದ್ದಾಗಲೂ ಬಂಡೆ ಟೀಮಿನಲ್ಲಿತ್ತು.

ಮುಂದಿನ ಭಾನುವಾರ ನನ್ನನ್ನೂ ಕರೆದುಕೊಂಡು ಊರಿಗೆ ಹೋದಳು. ಒಬ್ಬಳೇ ಹೇಳಲು ಧೈರ್ಯ ಸಾಲದು ಎಂದಳು. ಚಿಕ್ಕಗಂಗಮ್ಮ ಅವರೆಕಾಳು ಸಾರು, ಮುದ್ದೆ ಮಾಡಿದ್ದರು. ಊಟವಾದ ಮೇಲೆ ಅರುಣಾ ಎಲ್ಲವನ್ನೂ ಹೇಳಿದಳು. ಮೃಗ, ಮೊಟ್ಟೆ, ಕಂಪ್ಯೂಟರು, ಯಾವುದೂ ಅವರಿಗೆ ಪೂರ್ತಿ ಅರ್ಥವಾಗಲಿಲ್ಲ. ಮಗ ಮೋಸದಿಂದ ಗೆದ್ದ ಎಂಬುದಷ್ಟೇ ಅರ್ಥವಾಯಿತು.

ಚಿಕ್ಕಗಂಗಮ್ಮ ಎದ್ದು ನಿಂತರು. “ಏನೇ ಅಂತಿದೀಯ? ಹೋದ ಮಗನ್ನ ಕಳ್ಳ ಅಂತೀಯಾ?”

“ಕಳ್ಳ ಅಂತಿಲ್ಲ ಕಣವ್ವ...”

“ಮತ್ತಿನ್ನೇನು? ಅವನೇನು ಯಾರ್ ಮನೆ ಗಂಟು ಹೊಡ್ದ? ಉಸ್ರಾಡಕ್ಕಾಗ್ದೆ ಮಲಗಿದ್ದೋನು ಒಂದ್ ಆಟ ಆಡ್ದ. ಅದನ್ನೂ ಕಿತ್ಕೊಳಕ್ ಬಂದಿದೀಯಲ್ಲೇ!” ಎಂದು ಅಡುಗೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮೂಡಲಗಿರಿಯಪ್ಪ ಗೋಡೆಗೊರಗಿ ಕೂತಿದ್ದರು. ತಲೆ ಎತ್ತಿದಾಗ ಅವರು ಕೇಳಿದ್ದು ಒಂದೇ ಮಾತು.

“ಅವತ್ತು ಇವನ ಕೈಲಿ ಸೋತೋನು ಯಾರವ್ವ?”

ಅರುಣಾಳಿಗೆ ಗೊತ್ತಿತ್ತು. ಗೂಳೂರಿನ ಲಕ್ಷ್ಮೀಕಾಂತ್ ಎಂಬುವನು. ಫೈನಲ್ಲಿನಲ್ಲಿ ಸೋತು ಎರಡನೆಯವನಾದವನು.

“ಗೂಳೂರು ಅಂದ್ರೆ ಎಲ್ಲಿ ಮಹಾ ದೂರ? ನಡಿ,” ಎಂದು ಎದ್ದರು. ಕಪ್ಪನ್ನು ಹಲಗೆಯಿಂದ ಇಳಿಸಿ, ತಮ್ಮ ಟವಲಿನಲ್ಲಿ ಒರೆಸಿ, ಬಟ್ಟೆಯ ಚೀಲಕ್ಕೆ ಹಾಕಿಕೊಂಡರು. ಅಡುಗೆ ಕೋಣೆಯ ಬಾಗಿಲ ಮುಂದೆ ನಿಂತು, “ಗಂಗವ್ವಾ, ಹೋಗಿ ಬತ್ತೀವಿ,” ಎಂದರು.

ಮೂವರೂ ತುಮಕೂರಿಗೆ ಬಂದು, ಬಸ್ಸು ಬದಲಾಯಿಸಿ ಗೂಳೂರು ಸೇರಿದಾಗ ಸಂಜೆ ನಾಲ್ಕೂವರೆ. ದಾರಿಯುದ್ದಕ್ಕೂ ಮೂಡಲಗಿರಿಯಪ್ಪ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಕೈಯಲ್ಲೂ ಹಿಡಿದಿದ್ದರು. ವಿಚಾರಿಸಿಕೊಂಡು ಮನೆ ಹುಡುಕಿದೆವು. ಲಕ್ಷ್ಮೀಕಾಂತ್ ಹಿಟ್ಟಿನ ಗಿರಣಿಯಿಂದ ಆಗ ತಾನೇ ಬಂದಿದ್ದ, ರೆಪ್ಪೆಯ ಮೇಲೆಲ್ಲ ರಾಗಿ ಹಿಟ್ಟು. ಅರುಣಾಳ ಗುರುತು ಹತ್ತಲಿಲ್ಲ. ಸಿದ್ಧಾರ್ಥನ ಹೆಸರು ಹೇಳಿದಾಗ ಮುಖ ಗಂಭೀರವಾಯಿತು.

ಅರುಣಾ ವಿಷಯ ತಿಳಿಸಿದಳು. ಮೂಡಲಗಿರಿಯಪ್ಪ ಚೀಲದಿಂದ ಕಪ್ಪು ತೆಗೆದು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು.

“ನಮ್ ಹುಡುಗ ಈಗಿಲ್ಲ ಕಣಪ್ಪ. ಇದ್ದಿದ್ರೆ ಅವನ್ನೇ ಕರ್ಕೊಂಬಂದು ನಿನ್ನ ಮುಂದೆ ನಿಲ್ಲುಸ್ತಿದ್ದೆ. ತಪ್ಪಾಯ್ತು. ಇದು ನಿಂದು.”

ಪರವಾಗಿಲ್ಲ, ನೀವೇ ಇಟ್ಟುಕೊಳ್ಳಿ ಎಂದು ಅವನು ಹೇಳುತ್ತಾನೆ ಎಂದು ನಾನು ಕಾದೆ. ಅವನು ಹಾಗೆ ಹೇಳಲಿಲ್ಲ.

“ನಂಗೆ ಅವತ್ತೇ ಡೌಟ್ ಬಂದಿತ್ತು ಯಜಮಾನ್ರೇ,” ಎಂದ. “ಆ ಆಮೆ ಮೇಲೆ ಮೂರು ಸಲ ಹೊಡ್ದೆ, ಬೀಳ್ಲೇ ಇಲ್ಲ. ಎಂಟು ತಿಂಗಳು ಕಷ್ಟಪಟ್ಟು ಕಟ್ಟಿದ್ದ ಟೀಮು ನಂದು. ಇಷ್ಟು ಮಾಡಿದ್ರೂ ಆಗಲ್ಲ ಅಂದ್ರೆ ನನ್ ಕೈಲಿ ಯಾವತ್ತೂ ಆಗಲ್ಲ ಅನ್ನಿಸ್ಬಿಡ್ತು. ಮುಂದಿನ ವಾರವೇ ಸೆಟ್ ಮಾರ್ಬಿಟ್ಟೆ.”

ಕೈಗಂಟಿದ ಹಿಟ್ಟನ್ನು ಪಂಚೆಗೆ ಒರೆಸಿಕೊಂಡು ಕಪ್ಪು ತೆಗೆದುಕೊಂಡ. ಅದರ ಮೇಲಿದ್ದ ಸಿದ್ಧಾರ್ಥನ ಹೆಸರನ್ನು ಓದಿದ. ಅವನ ತಾಯಿ ಕಾಫಿ ತಂದರು. ಎಲ್ಲರೂ ಕುಡಿದೆವು. ಹೊರಡುವಾಗ ಅವನು ಮೂಡಲಗಿರಿಯಪ್ಪನವರ ಜೊತೆ ಬಸ್ ಸ್ಟಾಪಿನ ತನಕ ನಡೆದು ಬಂದ. ಬಸ್ಸು ಬರುವವರೆಗೂ ನಿಂತಿದ್ದ. “ಏನಾಗಿತ್ತು ಅವ್ರಿಗೆ?” ಎಂದು ಒಮ್ಮೆ ಕೇಳಿದ. ಮೂಡಲಗಿರಿಯಪ್ಪ ತಮ್ಮ ಎದೆ ಮುಟ್ಟಿ ತೋರಿಸಿದರು.

ಚಿಕ್ಕಗಂಗಮ್ಮ ಮಗಳ ಜೊತೆ ಮಾತು ಬಿಟ್ಟರು. ಅರುಣಾ ಫೋನ್ ಮಾಡಿದರೆ ಗಂಡನ ಕೈಗೆ ಕೊಟ್ಟುಬಿಡುತ್ತಿದ್ದರು. ಸಂಕ್ರಾಂತಿ ಹೋಯಿತು, ಯುಗಾದಿ ಹೋಯಿತು. ಸಿದ್ಧಾರ್ಥ್ ತೀರಿಕೊಂಡ ಎರಡನೇ ವರ್ಷದ ಎಡೆಗೆ ಅರುಣಾ ಊರಿಗೆ ಹೋದಾಗ ತಾಯಿ ಒಂದೇ ಸಲ ಅವಳ ಕಡೆ ತಿರುಗಿ, “ಅವನಿಗೆ ಶಾವಿಗೆ ಪಾಯಸ ಅಂದ್ರೆ ಇಷ್ಟ. ನೀನೇ ಬಡ್ಸು,” ಎಂದರಂತೆ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಮಾತು ಶುರುವಾಯಿತು. ಕಪ್ಪಿನ ಮಾತನ್ನು ಮಾತ್ರ ಅವರು ಇವತ್ತಿನವರೆಗೂ ಎತ್ತಿಲ್ಲ.

ಅಷ್ಟೂ ತಿಂಗಳು ಅರುಣಾ ಆಟ ಮುಟ್ಟಿರಲಿಲ್ಲ. ಎಡೆ ಮುಗಿಸಿ ಬಂದ ವಾರ ಸೆಟ್ ಹೊರಗೆ ತೆಗೆದಳು. ಬಂಡೆಯನ್ನು ಅಳಿಸಲಿಲ್ಲ. ಆದರೆ ಟೀಮಿನಿಂದ ಹೊರಗಿಟ್ಟಳು. ಆಗ ನೋಡಿ ಅವಳಿಗೆ ಗೊತ್ತಾದದ್ದು, ಉಳಿದ ಐದೂ ಬಂಡೆಯನ್ನೇ ನಂಬಿಕೊಂಡಿದ್ದವು ಎಂದು. ಅದಿಲ್ಲದೆ ಕೆಂಡ ಮೊದಲ ಏಟಿಗೇ ಉರುಳಿತು. ಗಂಗಮ್ಮನಿಗೆ ಗಾಯ ವಾಸಿ ಮಾಡಲು ಪುರಸೊತ್ತೇ ಸಿಗಲಿಲ್ಲ. ಇಪ್ಪತ್ತು ಪಂದ್ಯ ಆಡಿ ಹದಿನೇಳು ಸೋತಳು.

“ಇನ್ನೊಂದು ಆಮೆ ಸಾಕ್ತೀಯಾ?” ಎಂದು ಕೇಳಿದೆ.

“ಮೊದ್ಲು ಹಂಗೇ ಅನ್ಕೊಂಡೆ ಮೇಡಂ. ಇನ್ನೂರೈವತ್ತು ಮೊಟ್ಟೆ ಮರಿ ಮಾಡ್ಸಿದೆ, ಅಂಥದ್ದು ಬರ್ಲಿಲ್ಲ. ಬರೋದೂ ಇಲ್ಲ. ಅದು ಯಾರೋ ಕೂತು ಬರ್ದಿದ್ದು.”

ಹಳೆಯ ಉತ್ತರ ಪತ್ರಿಕೆಗಳ ಹಿಂಬದಿಯಲ್ಲಿ ಕೋಷ್ಟಕ ಬರೆದಳು. ಎಡಗಡೆ ಆರು ಮೃಗ, ಮೇಲುಗಡೆ ಹದಿನಾಲ್ಕು ಗುಣ. ಯಾವುದು ಯಾವುದಕ್ಕೆ ಸೋಲುತ್ತದೆ ಎಂಬಲ್ಲಿ ಕೆಂಪು ಚುಕ್ಕಿ. ಒಂದೇ ಗುಣದ ಕೆಳಗೆ ಮೂರು ಕೆಂಪು ಚುಕ್ಕಿ ಬಿದ್ದರೆ ಆ ಟೀಮು ಆಗದು. ಅವಳ ಐದರಲ್ಲಿ ಮಂಜಿನ ಗುಣದ ಕೆಳಗೆ ಮೂರು ಚುಕ್ಕಿ ಇದ್ದವು. ಬಂಡೆಯ ಬಲದಲ್ಲಿ ಅದು ಇಷ್ಟು ದಿನ ಮುಚ್ಚಿಹೋಗಿತ್ತು. ಕೊಂಬನ್ನು ಕೈಬಿಟ್ಟು ಮಂಜಿಗೆ ಹೆದರದ ಇನ್ನೊಂದನ್ನು ತಂದಳು. ಕೊನೆಗೆ ಖಾಲಿ ಉಳಿದ ಜಾಗಕ್ಕೆ ಅಳಿಲಿನಂಥ ಒಂದು ಪುಟ್ಟ ಮೃಗವನ್ನು ಆರಿಸಿಕೊಂಡಳು. ಅದಕ್ಕೆ ಹೊಡೆಯುವ ಶಕ್ತಿ ಏನೂ ಇಲ್ಲ. ಆದರೆ ಒಂದೇ ಒಂದು ಸರದಿ, ಎದುರಾಳಿಗಳ ಏಟನ್ನೆಲ್ಲ ತನ್ನ ಕಡೆ ಎಳೆದುಕೊಳ್ಳುವ ವಿದ್ಯೆ ಗೊತ್ತು. ಅಷ್ಟರಲ್ಲಿ ಜೊತೆಗಾರ ತನ್ನ ಕೆಲಸ ಮುಗಿಸಬೇಕು. ಯಾವ ಸರದಿಯಲ್ಲಿ ಆ ವಿದ್ಯೆ ಬಳಸಬೇಕು ಎಂಬುದರ ಮೇಲೆ ಇಡೀ ಪಂದ್ಯ ನಿಂತಿರುತ್ತದೆ. ಅದಕ್ಕೆ ಅಭ್ಯಾಸ ಬೇಕು, ಅಭ್ಯಾಸಕ್ಕೆ ಎದುರಾಳಿ ಬೇಕು.

ಒಂದು ಸಂಜೆ ಬಸ್ಸಿನಲ್ಲೇ ಕುಣಿಗಲ್ಲಿಗೆ ಫೋನ್ ಮಾಡಿದಳು. ಅವಳು ಮಾತಾಡಿದ್ದು ಇಷ್ಟೇ. “ಶಮಂತ್, ವಾರಕ್ಕೆರಡು ದಿನ ನನ್ನ ಜೊತೆ ಆಡ್ಬೇಕು ನೀನು. ಬುಧವಾರ, ಶನಿವಾರ. ಸುಮ್ ಸುಮ್ನೆ ಸೋತ್ಕೊಡ್ಬೇಡ.” ಆ ಕಡೆಯಿಂದ ಅವನು ಏನು ಹೇಳಿದನೋ ನನಗೆ ಕೇಳಿಸಲಿಲ್ಲ. “ಆಯ್ತು ಬಿಡು, ಅಳ್ಬೇಡ,” ಎಂದು ಅವಳು ಇಟ್ಟಳು. ಐದು ತಿಂಗಳು ಅವರಿಬ್ಬರೂ ಆಡಿದರು. ಶಮಂತ್ ತನಗೆ ಗೊತ್ತಿದ್ದ ಎಲ್ಲ ಪಟ್ಟನ್ನೂ ಅವಳ ಮೇಲೆ ಹಾಕಿದ. ಅವಳು ಸೋತಾಗಲೆಲ್ಲ ಕೋಷ್ಟಕ ತಿದ್ದಿದಳು.

ಕಳೆದ ನವೆಂಬರ್‌ನಲ್ಲಿ ಮತ್ತೆ ಅರ್ಹತಾ ಪಂದ್ಯ ಬಂತು. ಈ ಸಲ ಮೂಡಲಗಿರಿಯಪ್ಪ ತಾವೂ ಬರುತ್ತೇನೆ ಎಂದರು. ಬಿಳಿ ಅಂಗಿ, ಪಂಚೆ ಉಟ್ಟುಕೊಂಡು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬೆಳಿಗ್ಗೆ ಹತ್ತರಿಂದ ಕೂತರು. ಬಾಗಿಲಲ್ಲಿ ಮೃಗಗಳ ತಪಾಸಣೆ ನಡೆಯುವಾಗ, ಅಲ್ಲಿದ್ದ ಹುಡುಗ ಅರುಣಾಳ ಹೆಸರು ನೋಡಿ ಮುಖ ಎತ್ತಿದ. “ನೀವೇನಾ ಮೇಡಂ?” ಎಂದ. ಅವಳು “ಹೌದು” ಎಂದಳು. ಅವನು ಎದ್ದು ನಿಂತು ಸೆಟ್ಟನ್ನು ವಾಪಸ್ಸು ಕೊಟ್ಟ.

ಮೂರು ಪಂದ್ಯ ಗೆದ್ದಳು. ನಾಲ್ಕನೆಯದರಲ್ಲಿ ಎದುರಿಗಿದ್ದದ್ದು ಹದಿನೇಳು ವರ್ಷದ ಒಬ್ಬ ಹುಡುಗಿ. ಪುಟ್ಟ ಅಳಿಲಿನ ವಿದ್ಯೆಯನ್ನು ಅರುಣಾ ಒಂದು ಸರದಿ ಮೊದಲೇ ಬಳಸಿಬಿಟ್ಟಳು. ಹುಡುಗಿ ಅದನ್ನು ಊಹಿಸಿ ಆ ಸರದಿ ಏಟನ್ನೇ ಹಾಕಲಿಲ್ಲ. ಮುಂದಿನ ಸರದಿಯಲ್ಲಿ ಕೆಂಡ ಬಿತ್ತು, ಆಮೇಲೆ ಅಳಿಲು, ಮೋಡ. ಗಂಗಮ್ಮ ಒಬ್ಬಳೇ ನಾಲ್ಕು ಸರದಿ ನಿಂತಳು. ಐದನೆಯದಕ್ಕೆ ಮುಗಿಯಿತು. ಅರುಣಾ ಹುಡುಗಿಯ ಕೈ ಕುಲುಕಿ, “ಹೆಂಗೆ ಗೊತ್ತಾಯ್ತು ನಿಂಗೆ?” ಎಂದು ಕೇಳಿದಳು. ಇಬ್ಬರೂ ಅಲ್ಲೇ ಕೂತು ಹತ್ತು ನಿಮಿಷ ಅದನ್ನೇ ಮಾತಾಡಿದರು.

ಮೂಡಲಗಿರಿಯಪ್ಪನವರಿಗೆ ಪರದೆಯ ಮೇಲೆ ನಡೆದದ್ದು ಒಂದೂ ತಿಳಿದಿರಲಿಲ್ಲ. ಮಗಳು ಹತ್ತಿರ ಬಂದಾಗ ಎದ್ದು ನಿಂತರು.

“ಏನಾಯ್ತವ್ವ?”

“ಸೋತೆ ಅಪ್ಪ. ಮೂರು ಗೆದ್ದೆ, ಒಂದು ಸೋತೆ. ನನ್ನದೇ ತಪ್ಪು, ಆತುರ ಬಿದ್ದೆ.”

ಅವರು ತಲೆದೂಗಿದರು. ಕಿಸೆಯಿಂದ ಫೋನ್ ತೆಗೆದು ಕಣ್ಣಿಗೆ ಹತ್ತಿರ ಹಿಡಿದು ಮನೆಯ ನಂಬರ್ ಒತ್ತಿದರು. ಆ ಕಡೆ ಚಿಕ್ಕಗಂಗಮ್ಮ ಎತ್ತಿದರು. “ತಗೋ, ನಿನ್ ಮಗಳ ಬಾಯಲ್ಲೇ ಕೇಳು,” ಎಂದು ಅವರು ಫೋನನ್ನು ಅರುಣಾಳ ಕೈಗೆ ಕೊಟ್ಟರು. ಅರುಣಾ ಕಿಟಕಿಯ ಕಡೆ ನಡೆದು ಹೋಗಿ ತಾಯಿಗೆ ಮೊದಲ ಪಂದ್ಯದಿಂದ ಒಂದೊಂದಾಗಿ ಹೇಳತೊಡಗಿದಳು. ಆ ಕಡೆಯಿಂದ ನಡುನಡುವೆ ಪ್ರಶ್ನೆ ಬರುತ್ತಿದ್ದಿರಬೇಕು, ಅವಳು ನಿಲ್ಲಿಸಿ ನಿಲ್ಲಿಸಿ ಉತ್ತರ ಕೊಡುತ್ತಿದ್ದಳು. ನಾನೂ ಮೂಡಲಗಿರಿಯಪ್ಪನವರೂ ಕುರ್ಚಿಗಳ ಹತ್ತಿರ ಕಾಯುತ್ತಾ ನಿಂತೆವು.